ಕೊನೆಯಲ್ಲಿ ನಡೆಯುವವನು

ಮೂಸಾ ಪ್ರವಾದಿ (ಅ) ಜ್ಞಾನವನ್ನು ಅರಸಿ ಹೊರಟ ಪ್ರಯಾಣದ ಕಥೆಯನ್ನು ನಾವೆಲ್ಲರೂ ಮದ್ರಸದಲ್ಲಿ ಕಲಿತಿದ್ದೇವೆ. ಪ್ರತಿ ಶುಕ್ರವಾರ ಸೂರಃ ಅಲ್-ಕಹ್ಫ್ ಓದುವಾಗ ಆ ಕಥೆಯನ್ನು ದಾಟಿ ಹೋಗುತ್ತೇವೆ. ಎರಡು ಜಲರಾಶಿಗಳು ಸೇರುವ ತಾಣವನ್ನು ತಲುಪುವವರೆಗೂ ನಡೆಯುತ್ತೇನೆಂದು ಅವರು ಹೊರಡುತ್ತಾರೆ. ಜೊತೆಯಲ್ಲಿ ಒಬ್ಬ ಯುವಕನಿದ್ದಾನೆ. ದಾರಿಯಲ್ಲಿ ಆಯಾಸವಾಗುತ್ತದೆ, ಹಸಿವಾಗುತ್ತದೆ. ಬಳಿಕ ದೊರೆತ ಮಾರ್ಗದರ್ಶಕರು ಒಂದೇ ಒಂದು ಷರತ್ತನ್ನು ಮುಂದಿಡುತ್ತಾರೆ: ತಾಳ್ಮೆ. ಅಷ್ಟು ದೊಡ್ಡ ಪ್ರವಾದಿಗೂ ಆ ಷರತ್ತು ಕಠಿಣವಾಯಿತು.

ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಉಪ್ಪಿನಂಗಡಿಯಲ್ಲಿ ಹುಟ್ಟಿದವನು ನಾನು. ಎರಡು ನೀರುಗಳು ಸೇರುವ ತಾಣದಲ್ಲೇ ಬೆಳೆದರೂ ಆ ಕಥೆಯಲ್ಲಿ ನನಗೊಂದು ಪಾಠವಿದೆಯೆಂದು ನನಗೆ ಹೊಳೆದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಕುಮಾರ ಪರ್ವತದ ಹುಲ್ಲುಗಾವಲಿನ ಮೇಲೆ, ಮೊಣಕಾಲು ಹಿಡಿದು ಕುಳಿತಿದ್ದಾಗ.

ನಾನು ಹದಿನಾಲ್ಕು ವರ್ಷ ಸೌದಿಯಲ್ಲಿದ್ದೆ. ಹೋಗುವಾಗ ನನ್ನ ಹಿರಿಯ ಮಗನಿಗೆ ಒಂದೂವರೆ ವರ್ಷ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಅವನು ಅತಿಥಿಯೊಬ್ಬರನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದ. ಊರಿಗೆ ಮರಳಿ ನೆಲೆಯಾದಾಗ ಅವನು ಹೈಸ್ಕೂಲು ದಾಟುವ ಹಂತದಲ್ಲಿದ್ದ. ಕಳೆದ ವರ್ಷ ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆಯಲ್ಲಿ ಅವನಿಗೆ ಅಂಕಗಳು ಕಡಿಮೆ ಬಂದವು. ನಾನು ಆಡಬಾರದ ಮಾತನ್ನಾಡಿದೆ. "ನಿನಗಾಗಿ ಅಲ್ಲಿ ಬಿಸಿಲಲ್ಲಿ ಸುಟ್ಟುಕೊಂಡೆ" ಎಂದೆ. ಅವನು ತಲೆ ತಗ್ಗಿಸಿ ಕೋಣೆಗೆ ಹೋದ. ಆಮೇಲೆ ಮೂರು ವಾರ ನಮ್ಮಿಬ್ಬರ ನಡುವೆ ಸಲಾಮ್ ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಸುಪ್ರದ ಮುಂದೆ ಕುಳಿತು ಉಣ್ಣುವ ಇಬ್ಬರು ಅಪರಿಚಿತರಾದೆವು.

ಅವನ ಉಮ್ಮ ಒಂದು ರಾತ್ರಿ ನನ್ನಲ್ಲಿ ಹೇಳಿದಳು: "ಅವನು ಪುಸ್ತಕ ಮುಚ್ಚಿದ ಮೇಲೆ ಏನು ನೋಡುತ್ತಾನೆಂದು ಯಾವಾಗಲಾದರೂ ವಿಚಾರಿಸಿದ್ದೀರಾ?" ನಾನು ವಿಚಾರಿಸಿರಲಿಲ್ಲ. ಮರುದಿನ ಅವನ ಹಿಂದೆ ನಿಂತು ಇಣುಕಿದೆ. ಅವನು ಕಾಶ್ಮೀರದ ಸರೋವರಗಳನ್ನು ನೋಡುತ್ತಿದ್ದ. ಹರ್ಮುಖ್ ಪರ್ವತದ ಬುಡದಲ್ಲಿ, 3,500 ಮೀಟರಿಗೂ ಮೇಲೆ ಇರುವ ಗಂಗಾಬಲ್. ಅದರಾಚೆ ವಿಷನ್‌ಸರ್, ಕೃಷನ್‌ಸರ್. ಬೆನ್ನಿಗೆ ಚೀಲ ಹೊತ್ತ ಯುವಕರು ಮಾರ್ಗದರ್ಶಕನ ಹಿಂದೆ ಸಾಲಾಗಿ ನಡೆಯುತ್ತಿದ್ದರು. ನೀಲಿ ನೀರಿನಲ್ಲಿ ಹಿಮದ ಬೆಟ್ಟಗಳು ತಲೆಕೆಳಗಾಗಿ ತೋರುತ್ತಿದ್ದವು. "ಒಂದು ದಿನ ಇಲ್ಲಿಗೆ ಹೋಗಬೇಕು" ಎಂದ, ಪರದೆಯಿಂದ ಕಣ್ಣೆತ್ತದೆ. ಮೂರು ವಾರಗಳ ಬಳಿಕ ಅವನಾಡಿದ ಮೊದಲ ವಾಕ್ಯವದು. "ಮೊದಲು ನಮ್ಮ ಬೆಟ್ಟ ಹತ್ತೋಣ" ಎಂದೆ. ಅವನು ತಿರುಗಿ ನೋಡಿದ.

ಕುಮಾರ ಪರ್ವತ 1,712 ಮೀಟರ್ ಎತ್ತರದ ಶಿಖರ. ಪುಷ್ಪಗಿರಿ ಎಂದೂ ಹೆಸರು. ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ, ದಕ್ಷಿಣ ಕನ್ನಡ, ಕೊಡಗು, ಹಾಸನ ಜಿಲ್ಲೆಗಳು ಸಂಧಿಸುವ ಎಡೆಯಲ್ಲಿದೆ. ಒಂದು ದಾರಿ ಸೋಮವಾರಪೇಟೆಯ ಕಡೆಯಿಂದ. ಇನ್ನೊಂದು ಸುಬ್ರಹ್ಮಣ್ಯದ ಕಡೆಯಿಂದ. ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿದ ಸುಬ್ರಹ್ಮಣ್ಯದಿಂದ ಹೊರಟರೆ ಶಿಖರಕ್ಕೆ ಹನ್ನೆರಡು-ಹದಿಮೂರು ಕಿಲೋಮೀಟರ್. 1,500 ಮೀಟರಿಗೂ ಹೆಚ್ಚು ಏರಿಕೆ. ನಮ್ಮ ಹಿಂದೂ ನೆರೆಹೊರೆಯವರಿಗೆ ಅದು ಪವಿತ್ರ ಸ್ಥಳ. ಅಲ್ಲಿ ಹೆಜ್ಜೆಯಿಡುವವನು ಆ ಗೌರವವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಯಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜನ ಇರುವೆಗಳಂತೆ ಸಾಲುಗಟ್ಟಿದ್ದ ಚಿತ್ರಗಳನ್ನು ನೀವೂ ನೋಡಿರಬಹುದು. ಆ ಬಳಿಕ ಅರಣ್ಯ ಇಲಾಖೆ ಆನ್‌ಲೈನ್ ಮೂಲಕ ಮುಂಗಡ ನೋಂದಣಿ ಕಡ್ಡಾಯಗೊಳಿಸಿ, ದಿನಕ್ಕೆ 300 ಮಂದಿಯ ಮಿತಿ ಹಾಕಿತು.

ಡಿಸೆಂಬರಿನ ಒಂದು ಭಾನುವಾರಕ್ಕೆ ನೋಂದಣಿ ಮಾಡಿಸಿದೆವು. ನಾನು, ಮಗ, ನನ್ನ ಭಾವ, ಅವರ ಇಬ್ಬರು ಮಕ್ಕಳು. ಮೂವರು ಒಟ್ಟಾಗಿ ಪ್ರಯಾಣ ಹೊರಟರೂ ಒಬ್ಬರನ್ನು ನಾಯಕರನ್ನಾಗಿ ಆರಿಸಿಕೊಳ್ಳಬೇಕೆಂದು ಪ್ರವಾದಿ (ಸ.ಅ) ಕಲಿಸಿದ್ದಾರೆ. ಹಾಗೆ ಭಾವನವರನ್ನು ಅಮೀರರನ್ನಾಗಿ ಮಾಡಿದೆವು. ನಸುಕಿಗೆ ಮುನ್ನ ಹೊರಟು, ಹೊಸ್ಮಠದ ಸೇತುವೆ ದಾಟಿ, ಕಡಬದ ಮಸೀದಿಯೊಂದರಲ್ಲಿ ಹೊತ್ತು ಪ್ರವೇಶಿಸುತ್ತಲೇ ಸುಬುಹಿ ನಮಾಝ್ ನಿರ್ವಹಿಸಿ, ಬೆಳಕು ಹರಿಯುವಾಗ ಬೆಟ್ಟದ ಬುಡದಲ್ಲಿದ್ದೆವು.

ನಮಗೆ ದೊರೆತ ಮಾರ್ಗದರ್ಶಕ ಅದೇ ತಪ್ಪಲಿನಲ್ಲಿ ಹುಟ್ಟಿ ಬೆಳೆದ ಯುವಕ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಅವನು ಮುಂದೆ ನಡೆಯುತ್ತಾನೆಂದು ನಾನು ಭಾವಿಸಿದ್ದೆ. ಅವನು ದಾರಿ ತೋರಿಸಿ, ನಮ್ಮೆಲ್ಲರನ್ನೂ ಮುಂದೆ ಕಳಿಸಿ, ತಾನು ಕೊನೆಯವನಾದ. ಅದು ನನಗೆ ಸರಿಕಾಣಲಿಲ್ಲ. "ದಾರಿ ತೋರಿಸುವವನು ಹಿಂದೆ ಬಂದರೆ ಹೇಗೆ?" ಎಂದು ಕೇಳಿದೆ. "ದಾರಿ ಒಂದೇ ಇದೆ ಸರ್, ತಪ್ಪುವುದಿಲ್ಲ. ನಾನು ನೋಡಬೇಕಾದದ್ದು ಜನರನ್ನು" ಎಂದ.

ಮೊದಲಿನ ಗಂಟೆಗಳು ದಟ್ಟ ಕಾಡಿನೊಳಗೆ. ಬೇರುಗಳೇ ಮೆಟ್ಟಿಲುಗಳು. ಭೀಮನ ಕಲ್ಲಿನ ಬಳಿ ನಿಂತಾಗ ನನ್ನ ಅಂಗಿ ನೆನೆದು ಮೈಗಂಟಿತ್ತು. ನನಗೆ ಸಕ್ಕರೆ ಕಾಯಿಲೆಯಿದೆ. ಬಲ ಮೊಣಕಾಲು ಎರಡು ವರ್ಷಗಳಿಂದ ನೋಯುತ್ತಿದೆ. ಎರಡನ್ನೂ ಯಾರಿಗೂ ಹೇಳಿರಲಿಲ್ಲ. ಮಗನ ಮುಂದೆ ದುರ್ಬಲನಾಗಿ ಕಾಣಬಾರದೆಂಬ ಹಟ. ಬೆಳಿಗ್ಗೆ ಮಾತ್ರೆ ನುಂಗಿ, ಅವಸರದಲ್ಲಿ ಅರ್ಧ ಪತ್ತಿರಿ ತಿಂದು ಹೊರಟಿದ್ದೆ.

ಕಾಡು ಮುಗಿದು ಬಯಲು ತೆರೆದುಕೊಳ್ಳುವಲ್ಲಿ ಗಿರಿಗದ್ದೆ. ಅಲ್ಲಿರುವ ಭಟ್ಟರ ಮನೆ ದಶಕಗಳಿಂದ ಜಾತಿ-ಮತ ಕೇಳದೆ ಚಾರಣಿಗರಿಗೆ ಅನ್ನ ಬಡಿಸಿದ ಮನೆ. ಬೆಟ್ಟದ ಮಧ್ಯೆ, ರಸ್ತೆಯಿಲ್ಲದ ಕಡೆ, ಹೊತ್ತು ತಂದ ಅಕ್ಕಿಯಿಂದ ಹಸಿದವರಿಗೆ ಅನ್ನ ಮಾಡುವುದೆಂದರೆ ಸಣ್ಣ ಮಾತಲ್ಲ. ಅಲ್ಲಿ ಕುಳಿತಾಗ ಮಾರ್ಗದರ್ಶಕ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ್, ನೀವು ಬಲಗಾಲನ್ನು ಎಳೆಯುತ್ತಿದ್ದೀರಿ. ಇಲ್ಲೇ ವಿಶ್ರಾಂತಿ ಪಡೆದರೆ ಒಳ್ಳೆಯದು. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಕಷ್ಟ."

ನನಗೆ ಸಿಟ್ಟು ಬಂತು. ಬಂದದ್ದು ಅವನ ಮೇಲಲ್ಲ, ನನ್ನ ಕಾಲಿನ ಮೇಲೆ. ಆದರೆ ಮಾತು ಹೊರಟದ್ದು ಅವನ ಕಡೆಗೆ. "ನಿನಗೆ ಹಣ ಕೊಟ್ಟದ್ದು ಮೇಲಕ್ಕೆ ಕರೆದುಕೊಂಡು ಹೋಗಲಿಕ್ಕೆ, ವೈದ್ಯನಾಗಲಿಕ್ಕಲ್ಲ" ಎಂದೆ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಅವನು ಏನೂ ಹೇಳಲಿಲ್ಲ. ನನ್ನ ಮಗ ಮುಖ ಬೇರೆಡೆ ತಿರುಗಿಸಿದ. ಆ ತಿರುಗಿದ ಮುಖ ನನಗೆ ಪರಿಚಿತವಾಗಿತ್ತು. ಮೂರು ವಾರಗಳ ಹಿಂದೆ ಕೋಣೆಯ ಬಾಗಿಲು ಮುಚ್ಚುವ ಮುನ್ನವೂ ಅದೇ ಮುಖ.

ಗಿರಿಗದ್ದೆಯಿಂದ ಮೇಲೆ ಮರವಿಲ್ಲ. ಎದೆಮಟ್ಟದ ಹುಲ್ಲು, ನೆತ್ತಿಯ ಮೇಲೆ ಸೂರ್ಯ. ಭೂಮಿಯ ಮೇಲೆ ಸೊಕ್ಕಿನಿಂದ ನಡೆಯಬೇಡವೆಂದೂ, ನೀನು ಬೆಟ್ಟಗಳಷ್ಟು ಎತ್ತರಕ್ಕೆ ಬೆಳೆಯಲಾರೆಯೆಂದೂ ಸೂರಃ ಅಲ್-ಇಸ್ರಾಅ್‌ನಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಆ ವಚನವನ್ನು ಎಷ್ಟೋ ಬಾರಿ ಓದಿದ್ದೆ. ಸೊಕ್ಕಿನಿಂದ ನಡೆಯುವವರೆಂದರೆ ದೊಡ್ಡ ಕಾರಿನವರು, ಅಧಿಕಾರದವರು ಎಂದೇ ತಿಳಿದಿದ್ದೆ. ಕುಂಟುತ್ತಾ ನಡೆಯುವವನೂ ಸೊಕ್ಕಿನಿಂದ ನಡೆಯಬಲ್ಲನೆಂದು ಅಂದು ಗೊತ್ತಾಯಿತು.

ಕಲ್ಲು ಮಂಟಪ ಕಣ್ಣಿಗೆ ಬೀಳುವ ಹೊತ್ತಿಗೆ ನನ್ನ ಕೈಗಳು ನಡುಗತೊಡಗಿದವು. ಹಣೆಯಲ್ಲಿ ತಣ್ಣನೆಯ ಬೆವರು. ಹುಲ್ಲು, ಆಕಾಶ, ಕಲ್ಲು ಎಲ್ಲವೂ ಒಂದರೊಳಗೊಂದು ಕಲಸಿದಂತಾಯಿತು. ಕುಳಿತೆನೋ ಬಿದ್ದೆನೋ ನೆನಪಿಲ್ಲ. ಮೊದಲು ತಲುಪಿದ ಕೈ ಮಾರ್ಗದರ್ಶಕನದು. ಅವನು ಕೊನೆಯಲ್ಲಿ ನಡೆಯುತ್ತಿದ್ದ. ನಾನೂ ಅಷ್ಟರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದೆ. ಅವನು ಜೇಬಿನಿಂದ ಬೆಲ್ಲದ ತುಂಡು ತೆಗೆದು ನನ್ನ ಬಾಯಿಗಿಟ್ಟ. "ಸಕ್ಕರೆ ಕಾಯಿಲೆಯೇ?" ಎಂದು ಕೇಳಿದ. ತಲೆಯಾಡಿಸಿದೆ. ಸ್ವಲ್ಪ ಹೊತ್ತಿನಲ್ಲಿ ಜಗತ್ತು ತನ್ನ ಸ್ಥಳಕ್ಕೆ ಮರಳಿತು. ಅಲ್-ಹಂದುಲಿಲ್ಲಾಹ್.

ಆಗ ಇನ್ನೊಂದು ವಿಷಯ ತಿಳಿಯಿತು. ನೀರು ಕುಡಿಯಲು ನನ್ನ ಬಾಟಲಿ ತೆಗೆದರೆ ಅದು ತುಂಬಿತ್ತು. ಬೆಳಿಗ್ಗಿನಿಂದ ಕುಡಿಯುತ್ತಲೇ ಇದ್ದೆ, ಖಾಲಿಯಾಗಿರಬೇಕಿತ್ತು. ಮಗನ ಎರಡು ಬಾಟಲಿಗಳಲ್ಲಿ ಒಂದು ಬರಿದಾಗಿತ್ತು. ನಾನು ನಿಂತಲ್ಲೆಲ್ಲ, ನನಗೆ ತಿಳಿಯದಂತೆ, ಅವನು ತನ್ನ ನೀರನ್ನು ನನ್ನದಕ್ಕೆ ಸುರಿಯುತ್ತಿದ್ದ. ನನ್ನೊಡನೆ ಮಾತು ಬಿಟ್ಟಿದ್ದಾನೆಂದು ನಾನು ದೂರುತ್ತಿದ್ದ ಹುಡುಗ.

ಮಾರ್ಗದರ್ಶಕ ಖಚಿತವಾಗಿ ಹೇಳಿದ: ನಾನು ಇನ್ನು ಒಂದು ಹೆಜ್ಜೆಯೂ ಮೇಲೇರುವಂತಿಲ್ಲ, ಒಬ್ಬನನ್ನೇ ಬಿಟ್ಟು ತಾನು ಹೋಗುವಂತೆಯೂ ಇಲ್ಲ. ಅಷ್ಟರಲ್ಲಿ ಇನ್ನೊಂದು ತಂಡ ತನ್ನ ಮಾರ್ಗದರ್ಶಕನೊಂದಿಗೆ ಬಂತು. ಇಬ್ಬರೂ ಮಾತನಾಡಿಕೊಂಡರು. ಭಾವನೂ ಅವರ ಮಕ್ಕಳೂ ಆ ತಂಡದೊಂದಿಗೆ ಹೋಗುವುದೆಂದಾಯಿತು. "ನೀನೂ ಹೋಗು" ಎಂದೆ ಮಗನಿಗೆ. ನಮ್ಮಲ್ಲಿ ಎಲ್ಲರಿಗಿಂತ ಚುರುಕಾಗಿ ಹತ್ತಿದವನು ಅವನೇ. ಮೇಲೆ ಶೇಷ ಪರ್ವತ ಬಿಸಿಲಲ್ಲಿ ಹೊಳೆಯುತ್ತಿತ್ತು. ಅದರಾಚೆಗೆ ಅವನು ತಿಂಗಳಿಡೀ ಕಾದಿದ್ದ ಶಿಖರ. ಅವನು ಒಮ್ಮೆ ಅದನ್ನು ನೋಡಿದ. ಆಮೇಲೆ ಚೀಲ ಕೆಳಗಿಳಿಸಿ ನನ್ನ ಪಕ್ಕದಲ್ಲಿ ಕುಳಿತ. "ಬೆಟ್ಟ ಎಲ್ಲಿಗೂ ಹೋಗುವುದಿಲ್ಲ ಉಪ್ಪಾ" ಎಂದ.

ಅಲ್ಲಿ ಕುಳಿತು ಮಾರ್ಗದರ್ಶಕನಲ್ಲಿ ಅವನೇ ಕೇಳಿದ, ಇಲ್ಲಿ ಯಾಕೆ ಕಾಶ್ಮೀರದಂಥ ಸರೋವರಗಳಿಲ್ಲವೆಂದು. ಅಲ್ಲಿ ಹಿಮನದಿಗಳು ಬಂಡೆಯನ್ನು ಕೊರೆದು ಬಟ್ಟಲು ಮಾಡಿವೆ, ಕರಗಿದ ಹಿಮ ಅದರಲ್ಲಿ ನಿಲ್ಲುತ್ತದೆ ಎಂದು ನಾನು ಓದಿ ತಿಳಿದದ್ದನ್ನು ಹೇಳಿದೆ. ಮಾರ್ಗದರ್ಶಕ ನಕ್ಕು, ಅಂಗೈಯಿಂದ ನೆಲ ತಟ್ಟಿದ. "ನಮ್ಮದು ಇದರೊಳಗಿದೆ" ಎಂದ. ಹುಲ್ಲಿನ ಬುಡವನ್ನು ಸರಿಸಿ ತೋರಿಸಿದ. ಮಳೆ ನಿಂತು ವಾರಗಳಾಗಿದ್ದರೂ ಮಣ್ಣು ತಂಪಾಗಿತ್ತು. ಜೂನ್‌ನಿಂದ ಸುರಿಯುವ ಮಳೆಯನ್ನು ಈ ಹುಲ್ಲಿನ ಬೇರುಗಳು ಹಿಡಿಯುತ್ತವೆ. ಬೆಟ್ಟದ ಮಡಿಲುಗಳಲ್ಲಿರುವ ಶೋಲಾ ಕಾಡುಗಳು ತರಗೆಲೆ, ಪಾಚಿ, ಕಪ್ಪು ಮಣ್ಣಿನಲ್ಲಿ ಅದನ್ನು ಹೀರಿ ಇಟ್ಟುಕೊಳ್ಳುತ್ತವೆ. ಆಮೇಲೆ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಟ್ಟುಕೊಡುತ್ತವೆ. ಆ ಹನಿಗಳೇ ತೊರೆಗಳು, ತೊರೆಗಳೇ ಕುಮಾರಧಾರೆ. ಅದು ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಬ್ರಹ್ಮಣ್ಯಕ್ಕೆ ಇಳಿದು, ಕಡಬದ ಮತ್ತು ಪುತ್ತೂರಿನ ತೋಟಗಳ ಅಂಚಿನಲ್ಲಿ ಹರಿದು, ನಮ್ಮ ಮನೆಯ ಹತ್ತಿರ ನೇತ್ರಾವತಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಬೆಂಕಿ ಬಿದ್ದು ಹುಲ್ಲು ಸುಟ್ಟರೆ ಈ ಹಿಡಿತ ಸಡಿಲವಾಗುತ್ತದೆ.

ಸೂರಃ ಅಲ್-ಮುಅ್‌ಮಿನೂನ್‌ನಲ್ಲಿ ಅಲ್ಲಾಹನು ಮಳೆಯನ್ನು ಅಳತೆಯಿಂದ ಇಳಿಸಿ ನೆಲದೊಳಗೆ ನೆಲೆಗೊಳಿಸಿದ ಪ್ರಸ್ತಾಪವಿದೆ. ಅದನ್ನು ಹಿಂತೆಗೆಯಲೂ ತಾನು ಶಕ್ತನೆಂಬ ಎಚ್ಚರಿಕೆಯೂ ಇದೆ. ನೆಲದಲ್ಲಿ ನೆಲೆಗೊಂಡ ನೀರು ಎಂದರೇನೆಂದು ಕಣ್ಣಾರೆ ಕಂಡದ್ದು ಅಂದು. ನಮ್ಮೂರವರಿಗೆ ಬೆಟ್ಟದ ಇನ್ನೊಂದು ಮುಖವೂ ಗೊತ್ತು. 1974ರ ನೆರೆಯ ಕಥೆಯನ್ನು ನನ್ನ ಉಮ್ಮ ಹೇಳುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಸುಳ್ಯದಾಚೆ ಜೋಡುಪಾಲದಲ್ಲಿ ಬೆಟ್ಟವೇ ಜಾರಿ ಬಂದದ್ದನ್ನು ನಾನು ಸೌದಿಯ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ನೋಡಿದ್ದೆ. ಬೆಟ್ಟಗಳನ್ನು ಭೂಮಿಗೆ ಗೂಟಗಳಾಗಿ ನೆಟ್ಟವನು ಅವನು. ಗೂಟದ ಬುಡದ ಮಣ್ಣನ್ನು ಅಗೆಯುವವರು ನಾವು.

ಳುಹ್‌ರಿನ ಹೊತ್ತಾಯಿತು. ಕುಡಿಯಲು ಬೇಕಾದ ನೀರನ್ನು ಮೊದಲು ತೆಗೆದಿರಿಸಿದೆವು. ಪ್ರವಾದಿ (ಸ.ಅ) ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡುತ್ತಿದ್ದರೆಂದು ಕಲಿತಿದ್ದೇವೆ, ಅದು ಒಂದು ಲೀಟರಿಗಿಂತಲೂ ಕಡಿಮೆ. ಮನೆಯಲ್ಲಿ ನಲ್ಲಿ ತಿರುಗಿಸಿ ನಾವು ಹರಿಯಬಿಡುವ ನೀರು ನೆನಪಾಗಿ ನಾಚಿಕೆಯಾಯಿತು. ಮಗ ಸುರಿದ, ನಾನು ತೊಳೆದುಕೊಂಡೆ. ನಾನು ಸುರಿದೆ, ಅವನು ತೊಳೆದುಕೊಂಡ. ಅವನು ಸಣ್ಣವನಿದ್ದಾಗ ನಾನು ಕಲಿಸಬೇಕಾಗಿದ್ದ ಕೆಲಸವದು. ಅವನ ಉಸ್ತಾದರು ಕಲಿಸಿದ್ದರು.

"ನೀನೇ ಇಮಾಮನಾಗಿ ನಿಲ್ಲು" ಎಂದೆ. ಅವನು ಸಂಕೋಚದಿಂದ ಮುಂದೆ ನಿಂತ. ನನಗೆ ನಿಲ್ಲಲಾಗಲಿಲ್ಲ, ಹಿಂದೆ ಕುಳಿತೇ ನಮಾಝ್ ಮಾಡಿದೆ. ಕಿಬ್ಲಾದ ಕಡೆಗೆ ಮುಖ ಮಾಡಿದರೆ ಎದುರಿಗೆ ಪಶ್ಚಿಮ. ಕೆಳಗೆ ಮಂಜಿನ ಪೊರೆಯ ಅಡಿಯಲ್ಲಿ ಕಡಬ, ಸುಳ್ಯ, ಪುತ್ತೂರುಗಳ ಅಡಿಕೆ ತೋಟಗಳು, ರಬ್ಬರ್ ಗುಡ್ಡಗಳು. ನನ್ನ ಮನೆಯೂ ಅಲ್ಲೆಲ್ಲೋ ಇತ್ತು. ಳುಹ್‌ರಿನಲ್ಲಿ ಕಿರಾಅತ್ ಕೇಳಿಸುವುದಿಲ್ಲ. ಅವನ ತಕ್ಬೀರ್ ಮಾತ್ರ ಕೇಳಿಸುತ್ತಿತ್ತು. ಆ ಧ್ವನಿ ಗಂಡಸಿನ ಧ್ವನಿಯಾಗಿತ್ತು. ಯಾವಾಗ ಆಯಿತೆಂದು ನನಗೆ ತಿಳಿಯದು. ನಮ್ಮ ನಮಾಝ್ ಮುಗಿಯುವವರೆಗೆ ಮಾರ್ಗದರ್ಶಕ ಸ್ವಲ್ಪ ದೂರ ಸರಿದು, ನಮ್ಮ ಚೀಲಗಳನ್ನು ಕಾಯುತ್ತಾ ನಿಂತಿದ್ದ.

ಸಲಾಮ್ ಹೇಳಿದ ಬಳಿಕ ಇಬ್ಬರೂ ಸುಮ್ಮನೆ ಕುಳಿತೆವು. ಅವನೇ ಮಾತು ತೆಗೆದ. "ಉಪ್ಪಾ, ನೀವು ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಅಂಕಗಳನ್ನು. ಅಂಕ ಹೇಳಿದ ಮೇಲೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಹಾಗೆ ಉಮ್ಮನಿಗೆ ಫೋನ್ ಕೊಡುತ್ತಿದ್ದೆ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ನಾನು ಅವನಿಗಾಗಿ ಸುಟ್ಟುಕೊಂಡದ್ದು ನಿಜ. ಆದರೆ ಅದರ ಲೆಕ್ಕವನ್ನು ಅವನ ಮುಂದಿಟ್ಟು ಸಾಲ ವಸೂಲಿಗೆ ಬಂದವನಂತೆ ಮನೆಗೆ ಮರಳಿದ್ದೂ ನಿಜ. ಮಾಡಿದ ಉಪಕಾರವನ್ನು ಎತ್ತಿ ಆಡಿ ನೋಯಿಸಿದರೆ ದಾನವೇ ನಿಷ್ಫಲವಾಗುತ್ತದೆಂದು ಕುರ್‌ಆನ್ ಕಲಿಸುತ್ತದೆ. ಅದು ಬಡವನಿಗೆ ಕೊಡುವ ನಾಣ್ಯಕ್ಕೆ ಮಾತ್ರ ಅನ್ವಯಿಸುತ್ತದೆಯೇ? "ನನ್ನನ್ನು ಕ್ಷಮಿಸು" ಎಂದೆ. ಹೇಳಲು ಮೂರು ವಾರ ಬೇಕಾಗಿರಲಿಲ್ಲ. ಅವನು ಉತ್ತರಿಸಲಿಲ್ಲ, ನನ್ನ ಚೀಲವನ್ನೂ ತನ್ನ ಹೆಗಲಿಗೇರಿಸಿ, ಏಳಲು ಕೈ ಚಾಚಿದ.

ಇಳಿಯುವಾಗ ಮಾರ್ಗದರ್ಶಕ ಹೇಳಿದ್ದು ಅಕ್ಷರಶಃ ಸತ್ಯವಾಯಿತು. ಒಂದೊಂದು ಹೆಜ್ಜೆಗೂ ಮೊಣಕಾಲು ಕೂಗುತ್ತಿತ್ತು. ಮಗ ಮುಂದೆ, ನಾನು ನಡುವೆ, ಅವನು ಕೊನೆಯಲ್ಲಿ. ಜಾರುವ ಕಡೆ ಹಿಂದಿನಿಂದ ಅವನ ಕೈ ನನ್ನ ತೋಳನ್ನು ಹಿಡಿಯುತ್ತಿತ್ತು, ಸಮತಟ್ಟಾದಲ್ಲಿ ಬಿಟ್ಟುಬಿಡುತ್ತಿತ್ತು. ಪ್ರವಾದಿ (ಸ.ಅ) ಪ್ರಯಾಣದಲ್ಲಿ ತಂಡದ ಹಿಂದೆ ಉಳಿದು, ದುರ್ಬಲರನ್ನು ಮುಂದೆ ಸಾಗಿಸಿ, ತಮ್ಮ ವಾಹನದಲ್ಲಿ ಕೂರಿಸಿಕೊಂಡು, ಅವರಿಗಾಗಿ ಪ್ರಾರ್ಥಿಸುತ್ತಿದ್ದರೆಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಮಿಂಬರಿನಿಂದ ಹಲವು ಸಲ ಕೇಳಿದ್ದೆ. ಆ ಸುನ್ನತ್ತಿನಂತೆ ನಡೆದುಕೊಂಡವನನ್ನು ನಾನು ಬೆಳಿಗ್ಗೆ ಹಣದ ಮಾತೆತ್ತಿ ಅವಮಾನಿಸಿದ್ದೆ. ಹದಿನಾಲ್ಕು ವರ್ಷ ನಾನೂ ಕೂಲಿಯವನಾಗಿದ್ದೆ. ಮಾಲೀಕನೊಬ್ಬ ಅದೇ ದನಿಯಲ್ಲಿ ಮಾತನಾಡಿದ ರಾತ್ರಿ ನಾನು ಊಟ ಬಿಟ್ಟು ಮಲಗಿದ್ದು ನೆನಪಿಗೆ ಬಂತು.

ಗಿರಿಗದ್ದೆಯ ಬಯಲಿನಲ್ಲಿ ಅಸರ್ ನಿರ್ವಹಿಸಿ, ಕತ್ತಲಾಗುವ ಹೊತ್ತಿಗೆ ಬುಡಕ್ಕೆ ತಲುಪಿದೆವು. ಭಾವನವರೂ ಮಕ್ಕಳೂ ಕೊನೆಯ ತಿರುವಿನಲ್ಲಿ ನಮ್ಮನ್ನು ಕೂಡಿಕೊಂಡರು. ದಾರಿಯ ಬದಿಯಲ್ಲಿ ಮಗ್ರಿಬ್ ಮುಗಿಸಿ, ಮಾರ್ಗದರ್ಶಕನ ಬಳಿಗೆ ಹೋದೆ. ಬೆಳಿಗ್ಗೆ ಎಲ್ಲರೆದುರು ಆಡಿದ ಮಾತಿಗೆ ಎಲ್ಲರೆದುರೇ ಕ್ಷಮೆ ಕೇಳಿದೆ. ಅವನು ಮುಜುಗರದಿಂದ ನಕ್ಕ. "ಬೆಟ್ಟದಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ ಸರ್. ಕೆಳಗಿಳಿದ ಮೇಲೆ ನೆನಪಿಟ್ಟುಕೊಳ್ಳುವವರು ಕಡಿಮೆ" ಎಂದ.

ನನ್ನ ಮಗ ಇನ್ನೂ ಶಿಖರ ಕಂಡಿಲ್ಲ. ಮಳೆಗಾಲ ಕಳೆದು ದಾರಿ ತೆರೆದಾಗ ಅವನು ಹೋಗುತ್ತಾನೆ. ಇನ್‌ಶಾ ಅಲ್ಲಾಹ್, ಒಂದು ದಿನ ಗಂಗಾಬಲ್‌ಗೂ ಹೋಗುತ್ತಾನೆ. ನಾನು ಗಿರಿಗದ್ದೆಯವರೆಗೆ ಮಾತ್ರ ಬರುವುದೆಂದು ಒಪ್ಪಂದವಾಗಿದೆ. ಪರೀಕ್ಷೆಯ ಬಗ್ಗೆ ನಾನು ಈಗಲೂ ಕೇಳುತ್ತೇನೆ, ಆದರೆ ಮೊದಲ ಪ್ರಶ್ನೆಯಾಗಿ ಅಲ್ಲ.

ಪ್ರಿಯ ಓದುಗರೇ, ಕುಟುಂಬವೂ ಒಂದು ಪ್ರಯಾಣದ ತಂಡ. ನಾವು ತಂದೆಯಂದಿರು ಸದಾ ಮುಂದೆ ನಡೆಯಲು ಬಯಸುತ್ತೇವೆ. ಹಿಂದಿರುಗಿ ನೋಡಿ, ಬೇಗ ಬಾ ಎಂದು ಕೂಗುತ್ತೇವೆ. ಯಾರ ಕಾಲು ನೋಯುತ್ತಿದೆ, ಯಾರ ಬಾಟಲಿ ಬರಿದಾಗಿದೆ ಎಂಬುದು ಮುಂದೆ ನಡೆಯುವವನಿಗೆ ಕಾಣುವುದಿಲ್ಲ. ಅದು ಕೊನೆಯಲ್ಲಿ ನಡೆಯುವವನಿಗೆ ಮಾತ್ರ ಕಾಣುತ್ತದೆ. ಅಲ್ಲಾಹನು ನಮ್ಮ ನಡಿಗೆಯಿಂದ ಸೊಕ್ಕನ್ನು ತೆಗೆಯಲಿ, ನಮ್ಮ ಮಕ್ಕಳೊಂದಿಗಿನ ಮಾತಿನಲ್ಲಿ ಮೃದುತ್ವವನ್ನು ನೀಡಲಿ, ನಮ್ಮ ಬೆಟ್ಟಗಳನ್ನೂ ಅವು ಒಡಲಲ್ಲಿ ಕಾಪಿಟ್ಟ ನೀರನ್ನೂ ಉಳಿಸಿಕೊಳ್ಳುವ ತೌಫೀಕ್ ದಯಪಾಲಿಸಲಿ. ಆಮೀನ್ ಯಾ ರಬ್ಬಲ್ ಆಲಮೀನ್.